ವೈದ್ಯರ ಮೇಲಿನ ಹಲ್ಲೆ: ಶಿಕ್ಷೆ ಕಡಿಮೆಯಲ್ಲ, ಕಡತ ಬಡಕಲು

ಆಸ್ಪತ್ರೆಯಲ್ಲಿ ವೈದ್ಯರ ಮೇಲೋ ನರ್ಸ್ ಮೇಲೋ ಯಾರಾದರೂ ಕೈ ಮಾಡಿದ ಸುದ್ದಿ ಬಂದಾಗಲೆಲ್ಲ ಎರಡು ದಿನ ಒಂದೇ ಮಾತು: ಕಾನೂನು ಬಿಗಿಯಾಗಬೇಕು, ಶಿಕ್ಷೆ ಹೆಚ್ಚಬೇಕು. ಒಪಿಡಿ ಬಂದ್ ಆಗುತ್ತದೆ, ಮನವಿ ಪತ್ರ ಹೋಗುತ್ತದೆ, ಮಂತ್ರಿಗಳಿಂದ ಭರವಸೆ ಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ 2009ರಿಂದ ಇದೆ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅದರಡಿ ಅಪರಾಧ ಜಾಮೀನುರಹಿತ. ಅದರ ಮೇಲೆ ಐಪಿಸಿಯ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಹತ್ತಾರು ಕಲಂಗಳಿವೆ. ಇಷ್ಟಿದ್ದೂ ಪ್ರಕರಣಗಳು ಶಿಕ್ಷೆಯವರೆಗೆ ಹೋಗುವುದು ಅಪರೂಪ. ಕಾರಣ ಹುಡುಕಬೇಕಾದ್ದು ಕಾಯ್ದೆಯ ಶಿಕ್ಷೆಯ ಕಲಮಿನಲ್ಲಲ್ಲ. ಘಟನೆ ನಡೆದ ರಾತ್ರಿ ಬರೆದ ದೂರು, ಗಾಯದ ಪ್ರಮಾಣಪತ್ರ, ಸಿಸಿಟಿವಿ ದೃಶ್ಯ ಉಳಿಸಿಕೊಳ್ಳುವ ಡಿವಿಆರ್‌ನಿಂದ ತೆಗೆದ ವಿಡಿಯೊ, ಎರಡು ವರ್ಷದ ಬಳಿಕ ಸಾಕ್ಷಿ ಹೇಳಲು ಬರಬೇಕಾದವರ ವಿಳಾಸ, ಇವುಗಳಲ್ಲಿ.

ಮೊದಲು ಒಂದು ತಪ್ಪು ತಿಳಿವಳಿಕೆ. "ವೈದ್ಯರ ಮೇಲೆ ಹಲ್ಲೆ ಮಾಡಿದರೆ 7 ವರ್ಷ ಜೈಲು, 5 ಲಕ್ಷ ದಂಡ" ಎಂಬ ಮಾತು ಈಗಲೂ ಓಡಾಡುತ್ತಿದೆ. ಅದು ಬಂದದ್ದು ಕೋವಿಡ್ ಕಾಲದಲ್ಲಿ. ಬೆಂಗಳೂರಿನ ಪಾದರಾಯನಪುರದಲ್ಲಿ 2020ರ ಏಪ್ರಿಲ್ 19ರಂದು ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ದಾಳಿಯಾಯಿತು. ದೇಶದ ಬೇರೆ ಕಡೆಗಳಿಂದಲೂ ಇಂಥವೇ ವರದಿಗಳು ಬಂದವು. ಏಪ್ರಿಲ್ 22ಕ್ಕೆ ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು, ಸೆಪ್ಟೆಂಬರ್‌ನಲ್ಲಿ ಸಂಸತ್ತು ಅದನ್ನು ಕಾಯ್ದೆ ಮಾಡಿತು. ಹಿಂಸೆಗೆ 3 ತಿಂಗಳಿಂದ 5 ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ದಂಡ; ತೀವ್ರ ಗಾಯವಾದರೆ 6 ತಿಂಗಳಿಂದ 7 ವರ್ಷ, 1ರಿಂದ 5 ಲಕ್ಷ ದಂಡ. ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ 30 ದಿನದೊಳಗೆ ತನಿಖೆ ಮುಗಿಸಬೇಕು, ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು. ತೀವ್ರ ಗಾಯದ ಪ್ರಕರಣದಲ್ಲಿ ಆರೋಪಿಯೇ ಮಾಡಿದ್ದಾನೆಂದು ನ್ಯಾಯಾಲಯ ಊಹಿಸಿಕೊಳ್ಳಬೇಕು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವನದು. ಒಳ್ಳೆಯ ಕಾನೂನೇ. ಆದರೆ ಇದು ಅನ್ವಯವಾಗುವುದು ಸಾಂಕ್ರಾಮಿಕದ ಸಮಯದಲ್ಲಿ ಸೇವೆ ಸಲ್ಲಿಸುತ್ತಿರುವವರಿಗೆ. ಮಾಮೂಲಿ ದಿನದಲ್ಲಿ, ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕಪಾಳಕ್ಕೆ ಹೊಡೆಸಿಕೊಂಡ ಡ್ಯೂಟಿ ಡಾಕ್ಟರಿಗೆ ಇದು ಸಿಗುವುದಿಲ್ಲ. ಗೋಡೆಗೆ ಹಾಕುವ ಫಲಕದಲ್ಲಿ ಅನ್ವಯವಾಗದ ಕಾಯ್ದೆಯ ಅಂಕಿ ಬರೆಸಿದರೆ ಹೆದರುವವರು ಹೆದರಬಹುದು, ದೂರಿನಲ್ಲಿ ಅದನ್ನೇ ಬರೆದರೆ ಮಾತ್ರ ಮೊದಲ ಹೆಜ್ಜೆಯೇ ಎಡವುತ್ತದೆ.

ಎಲ್ಲ ದಿನಗಳಿಗೂ ಸಲ್ಲುವುದು ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಿನ ಹಿಂಸಾಚಾರ ಹಾಗೂ ಆಸ್ಪತ್ರೆಗಳ ಆಸ್ತಿಹಾನಿಯನ್ನು ನಿಷೇಧಿಸುವ ನಮ್ಮ ರಾಜ್ಯದ 2009ರ ಕಾಯ್ದೆ. ಆಂಧ್ರಪ್ರದೇಶ, ತಮಿಳುನಾಡು 2008ರಲ್ಲೇ ಇಂಥದ್ದನ್ನು ಮಾಡಿದ್ದವು. ನಮ್ಮ ಮೂಲ ಕಾಯ್ದೆಯಲ್ಲಿ ಶಿಕ್ಷೆ 3 ವರ್ಷದವರೆಗೆ ಸಜೆ, 50 ಸಾವಿರ ರೂಪಾಯಿವರೆಗೆ ದಂಡ. ಅಪರಾಧ ಸಂಜ್ಞೇಯ, ಅಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆಗಿಳಿಯಬಹುದು. 2024ರಲ್ಲಿ ವಿಧಾನಮಂಡಲ ಇದಕ್ಕೆ ತಿದ್ದುಪಡಿ ತಂದು ಬೇಕೆಂದೇ ಮಾಡುವ ಅವಮಾನವನ್ನೂ ವ್ಯಾಪ್ತಿಗೆ ಸೇರಿಸಿತು. 2009ರ ಹಳೆಯ ಪ್ರತಿಗಳೇ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿರುವುದರಿಂದ ಆಸ್ಪತ್ರೆಯವರು ತಿದ್ದುಪಡಿಯಾದ ಪಠ್ಯದ ಮುದ್ರಿತ ಪ್ರತಿಯೊಂದನ್ನು ಎಂಎಲ್‌ಸಿ (ಪೊಲೀಸ್ ಪ್ರಕರಣವಾಗುವ ಗಾಯಗಳನ್ನು ದಾಖಲಿಸುವ ಮೆಡಿಕೊ-ಲೀಗಲ್) ಪುಸ್ತಕದ ಜೊತೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ರಾತ್ರಿ ಪಾಳಿಯ ಪಿಎಸ್‌ಐಗೆ ಈ ಕಾಯ್ದೆ ಬಾಯಿಪಾಠ ಇರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಕೈಗೆ ಕೊಟ್ಟರೆ ನೋಡುತ್ತಾರೆ.

ಕಾಯ್ದೆಯ ದೊಡ್ಡ ಗುಣ, ಅದು ಸರ್ಕಾರಿ ಖಾಸಗಿ ಎಂಬ ಭೇದ ಮಾಡುವುದಿಲ್ಲ. ನೋಂದಾಯಿತ ವೈದ್ಯರು, ನರ್ಸ್‌ಗಳು, ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಅರೆವೈದ್ಯಕೀಯ ಸಿಬ್ಬಂದಿ ಎಲ್ಲರೂ ಒಳಗೆ. "ಹಿಂಸೆ" ಎಂದರೆ ಪೆಟ್ಟು ಮಾತ್ರವಲ್ಲ, ಬೆದರಿಕೆ ಮತ್ತು ಕರ್ತವ್ಯಕ್ಕೆ ಅಡ್ಡಿ ಕೂಡ. ಇದರ ಬೆಲೆ ಗೊತ್ತಾಗಬೇಕಾದರೆ ಸಾಮಾನ್ಯ ದಂಡಸಂಹಿತೆಯನ್ನು ಪಕ್ಕಕ್ಕಿಟ್ಟು ನೋಡಬೇಕು.

ಸರ್ಕಾರಿ ವೈದ್ಯರು ಸಾರ್ವಜನಿಕ ನೌಕರರು. ಕರ್ತವ್ಯದಲ್ಲಿದ್ದಾಗ ಅವರ ಮೇಲೆ ಬಲಪ್ರಯೋಗ ಮಾಡಿದರೆ ನ್ಯಾಯ ಸಂಹಿತೆಯ ಕಲಂ 132, ಅಂದರೆ ಹಳೆಯ ಐಪಿಸಿ 353: 2 ವರ್ಷದವರೆಗೆ. ಗಾಯ ಮಾಡಿದರೆ ಕಲಂ 121(1), ಐಪಿಸಿ 332ರಲ್ಲಿ 3 ವರ್ಷವಿದ್ದದ್ದು ಈಗ 5 ವರ್ಷ. ತೀವ್ರ ಗಾಯವಾದರೆ 121(2): ಕನಿಷ್ಠ 1, ಗರಿಷ್ಠ 10 ವರ್ಷ. ಮೂರೂ ಜಾಮೀನುರಹಿತ. ಎದುರು ರಸ್ತೆಯ ನರ್ಸಿಂಗ್ ಹೋಮಿನ ವೈದ್ಯರು ಸಾರ್ವಜನಿಕ ನೌಕರರಲ್ಲ. ಅವರಿಗೆ ಅದೇ ಏಟು ಬಿದ್ದರೆ ಸಂಹಿತೆಯಲ್ಲಿ ಸಿಗುವುದು ಕಲಂ 115(2), ಸಾದಾ ಗಾಯ: ಗರಿಷ್ಠ 1 ವರ್ಷ ಅಥವಾ 10 ಸಾವಿರ ದಂಡ, ಅಸಂಜ್ಞೇಯ, ಜಾಮೀನು ಸಿಗುವಂಥದ್ದು. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಂಡು, ಎದುರಿನವರಿಂದ ಮುಚ್ಚಳಿಕೆ ಬರೆಸಿಕೊಂಡು ಕಳಿಸಿಬಿಡುವುದು ಇಲ್ಲೇ. ಆದ್ದರಿಂದ ಖಾಸಗಿ ಆಸ್ಪತ್ರೆಯ ದೂರಿನಲ್ಲಿ 2009ರ ಕಾಯ್ದೆಯ ಕಲಂ 3 ಮತ್ತು 4ರ ಉಲ್ಲೇಖ ಇರಲೇಬೇಕು. ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದೂ ಅದನ್ನೇ. ಬಿಟ್ಟುಹೋಗಿದ್ದರೆ ಕಲಂ ಸೇರಿಸುವಂತೆ ತನಿಖಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಸರ್ಕಾರಿ ಆಸ್ಪತ್ರೆಗಳ ಎಫ್‌ಐಆರ್‌ನಲ್ಲಿ ಇನ್ನೊಂದು ಗುಂಡಿ ಇದೆ. "ಕರ್ತವ್ಯಕ್ಕೆ ಅಡ್ಡಿ" ಎಂದೊಡನೆ ಕಲಂ 221 (ಹಳೆಯ 186) ಹಾಕುವ ಅಭ್ಯಾಸ. ಆದರೆ ಸಿಆರ್‌ಪಿಸಿಯ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 215ರ ಪ್ರಕಾರ, ಸಂಬಂಧಪಟ್ಟ ನೌಕರ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಟ್ಟ ಹೊರತು ನ್ಯಾಯಾಲಯ ಈ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಬರೀ ಚಾರ್ಜ್‌ಶೀಟ್ ಸಾಲದು. ಆರೋಪಿಯ ವಕೀಲರು ಮೊದಲು ಎತ್ತುವುದೇ ಈ ಮಾತು. 132ಕ್ಕೂ 121ಕ್ಕೂ ಈ ಅಡ್ಡಗೋಡೆ ಇಲ್ಲ. ತೂಕ ಅವುಗಳ ಮೇಲಿರಬೇಕು.

ಜಾಮೀನುರಹಿತ ಎಂದರೆ ಬಂಧನ ಖಚಿತವೆಂದಲ್ಲ

"ನಾನ್ ಬೇಲೆಬಲ್ ಅಂತೀರಿ, ಅವನು ಸಂಜೆ ಹೊತ್ತಿಗೆ ಆಸ್ಪತ್ರೆ ಮುಂದೆಯೇ ಓಡಾಡುತ್ತಿದ್ದ" ಎಂಬ ದೂರು ಮತ್ತೆ ಮತ್ತೆ ಕೇಳುತ್ತದೆ. ಇದರಲ್ಲಿ ಪೊಲೀಸರ ಕಳ್ಳಾಟ ಇರಲೇಬೇಕೆಂದಿಲ್ಲ. ಜಾಮೀನುರಹಿತ ಎಂದರೆ ಬಂಧನವಾದ ಮೇಲೆ ಜಾಮೀನು ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ ಅರ್ಥ. ಬಂಧಿಸಲೇಬೇಕೆಂದು ಅದು ಹೇಳುವುದಿಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕೆಂಬ ಕಾರಣವನ್ನು ಅಧಿಕಾರಿ ಬರೆದಿಡಬೇಕು; ಬೇಡವೆನಿಸಿದರೆ ಹಾಜರಾಗಲು ನೋಟಿಸ್ ಕೊಡಬೇಕು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಹೇಳಿತು. ಈಗ ಆ ನೋಟಿಸ್ ಇರುವುದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಲ್ಲಿ. ಮತ್ತೆ ದಾಳಿಯಾಗುವ ಭಯ, ಸಾಕ್ಷಿಗಳಿಗೆ ಬೆದರಿಕೆ, ಆರೋಪಿ ತಲೆಮರೆಸಿಕೊಳ್ಳುವ ಸಾಧ್ಯತೆ ಬಂಧನಕ್ಕೆ ಕಾರಣವಾಗಬಲ್ಲವು. ಆದರೆ ಅವು ದೂರಿನಲ್ಲೋ ನಂತರದ ಪತ್ರದಲ್ಲೋ ಇದ್ದರೆ ತಾನೇ ಅಧಿಕಾರಿ ಉಲ್ಲೇಖಿಸುವುದು? ಮರುದಿನ ಫೋನ್ ಮಾಡಿ "ಹೊರಗೆ ಸಿಕ್ಕು, ನೋಡ್ಕೋತೀವಿ" ಅಂದಿದ್ದರೆ ಆ ನಂಬರು, ಸಮಯ, ಮಾತುಗಳನ್ನು ಪ್ರತ್ಯೇಕ ಪತ್ರದಲ್ಲಿ ಬರೆದು ಠಾಣೆಗೆ ಕೊಡಬೇಕು.

2024ರ ಜುಲೈ 1ರಿಂದ ಇನ್ನೊಂದು ಬದಲಾವಣೆ ಆಗಿದೆ, ವೈದ್ಯ ಸಂಘಟನೆಗಳು ಅದರ ಬಗ್ಗೆ ಮಾತಾಡುವುದು ಕಡಿಮೆ. ಅದೇ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3)ರ ಪ್ರಕಾರ, 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಸಂಜ್ಞೇಯ ಅಪರಾಧಗಳಲ್ಲಿ ಠಾಣಾಧಿಕಾರಿ ಡಿವೈಎಸ್ಪಿಯ ಅನುಮತಿ ಪಡೆದು, ಎಫ್‌ಐಆರ್‌ಗೆ ಮುಂಚೆ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. 121(1)ರ 5 ವರ್ಷ, ರಾಜ್ಯದ ಮೂಲ ಕಾಯ್ದೆಯ 3 ವರ್ಷ ಎರಡೂ ಈ ಚೌಕಟ್ಟಿಗೆ ಸರಿಯಾಗಿ ಬಂದು ಕೂರುತ್ತವೆ. ಆ 14 ದಿನದಲ್ಲಿ ರಾಜಿ ಪಂಚಾಯಿತಿ ನಡೆಯುತ್ತದೆ, ಸ್ಥಳೀಯ ಮುಖಂಡರ ಫೋನ್ ಬರುತ್ತದೆ, ಡಿವಿಆರ್‌ನಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ದೂರಿನ ಜೊತೆಗೇ ಗಾಯದ ದಾಖಲೆ ಮತ್ತು ವಿಡಿಯೊ ಇಟ್ಟರೆ ಮೇಲ್ನೋಟಕ್ಕೆ ಅಪರಾಧ ಕಾಣುತ್ತಿದೆಯೇ ಎಂಬ ಪ್ರಶ್ನೆಗೇ ಜಾಗ ಇರುವುದಿಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ ಪಡೆಯಬೇಕು. ಅದನ್ನಿಟ್ಟು ಎಸ್ಪಿಗೆ, ಬೆಂಗಳೂರಿನಂಥ ಕಮಿಷನರೇಟ್‌ನಲ್ಲಿ ಡಿಸಿಪಿಗೆ, ಲಿಖಿತ ದೂರು ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿಗೆ. ಘಟನೆ ಬೇರೆ ಠಾಣೆಯ ಸರಹದ್ದಿನದು ಎಂಬುದು ನಿರಾಕರಣೆಗೆ ಕಾರಣವೇ ಅಲ್ಲ. ಝೀರೊ ಎಫ್‌ಐಆರ್ ಈಗ ಸಂಹಿತೆಯಲ್ಲೇ ಇದೆ.

ಮೊದಲ ರಾತ್ರಿಯ ಕೆಲಸ

ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ನಡೆದ ಬೆನ್ನಲ್ಲೇ, 2024ರ ಆಗಸ್ಟ್ 16ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಒಂದು ಸುತ್ತೋಲೆ ಹೊರಡಿಸಿತು: ಕರ್ತವ್ಯದಲ್ಲಿದ್ದ ಸಿಬ್ಬಂದಿಯ ಮೇಲೆ ಹಿಂಸೆ ನಡೆದರೆ ಗರಿಷ್ಠ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕು. ಇದು ಆಡಳಿತಾತ್ಮಕ ಸೂಚನೆ, ಕಾಯ್ದೆಯಲ್ಲ. ಊರಿನ ಹತ್ತು ಹಾಸಿಗೆಯ ನರ್ಸಿಂಗ್ ಹೋಮನ್ನು ಕಟ್ಟಿಹಾಕುವುದಿಲ್ಲ. ಆದರೂ ಇದರ ಹಿಂದಿನ ತರ್ಕ ಎಲ್ಲರಿಗೂ ಸಲ್ಲುತ್ತದೆ. ಏಟು ತಿಂದವರು ಹೆಚ್ಚಾಗಿ ಹೌಸ್ ಸರ್ಜನ್‌ಗಳು (ತರಬೇತಿಯಲ್ಲಿರುವ ವೈದ್ಯರು), ಸ್ನಾತಕೋತ್ತರ (ಪಿಜಿ) ವಿದ್ಯಾರ್ಥಿಗಳು, ಗುತ್ತಿಗೆ ನರ್ಸ್‌ಗಳು. ಅವರೇ ದೂರುದಾರರಾದರೆ ಒತ್ತಡವೆಲ್ಲ ಅವರ ಮೇಲೆ. ಸಂಸ್ಥೆಯ ಪರವಾಗಿ ಆಡಳಿತ ವೈದ್ಯಾಧಿಕಾರಿಯೋ ಅಧೀಕ್ಷಕರೋ ಸಹಿ ಹಾಕಿದರೆ, ವರ್ಗಾವಣೆಯಾದರೂ ಹುದ್ದೆ ಅಲ್ಲೇ ಇರುತ್ತದೆ, ಕಡತ ಅಲ್ಲೇ ಇರುತ್ತದೆ.

ದೂರಿನಲ್ಲಿ ಬೇಕಾದ್ದು ಆವೇಶವಲ್ಲ, ವಿವರ. ರೋಗಿ ಬಂದ ಸಮಯ, ಸಾವಾಗಿದ್ದರೆ ಘೋಷಿಸಿದ ಸಮಯ, ಗಲಾಟೆ ಶುರುವಾದ ಸಮಯ. ಯಾರು ಏನು ಮಾಡಿದರು: ಕೆಂಪು ಶರ್ಟಿನವನು ಕಾಲರ್ ಹಿಡಿದ, ಇನ್ನೊಬ್ಬ ಡ್ರಿಪ್ ಸ್ಟ್ಯಾಂಡಿನಿಂದ ಎಡ ಭುಜಕ್ಕೆ ಹೊಡೆದ. ಬೈಗುಳವನ್ನು "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಎಂದು ಮಡಿವಂತಿಕೆಯಿಂದ ಮುಚ್ಚಬಾರದು, ಆಡಿದ ಮಾತನ್ನೇ ಬರೆಯಬೇಕು. ನ್ಯಾಯ ಸಂಹಿತೆಯ ಕಲಂ 352ರ ಅವಮಾನ, 351ರ ಬೆದರಿಕೆ ನಿಲ್ಲುವುದು ಆ ಮಾತುಗಳ ಮೇಲೆ. ಡ್ಯೂಟಿ ರೋಸ್ಟರಿನ ಪ್ರತಿ ಲಗತ್ತಿಸಬೇಕು; "ಆ ಹೊತ್ತಿಗೆ ಅವರು ಕರ್ತವ್ಯದಲ್ಲೇ ಇರಲಿಲ್ಲ" ಎಂಬ ವಾದ ಅಲ್ಲಿಗೆ ನಿಲ್ಲುತ್ತದೆ. ಹಲ್ಲೆಗೊಳಗಾದವರು ಮಹಿಳೆಯಾಗಿದ್ದು ಮೈಮೇಲೆ ಕೈ ಹಾಕಿದ್ದರೆ ಕಲಂ 74 ಬೇರೆಯೇ: 1ರಿಂದ 5 ವರ್ಷ. ನರ್ಸ್‌ಗಳ ದೂರಿನಲ್ಲಿ ಇದು ಸಂಕೋಚದಿಂದ ಬಿಟ್ಟುಹೋಗುವ ವಿವರ.

"15-20 ಜನರ ಗುಂಪು ಬಂದು ಹಲ್ಲೆ ಮಾಡಿತು" ಎಂಬ ಒಂದೇ ಸಾಲಿನ ದೂರು ನ್ಯಾಯಾಲಯದಲ್ಲಿ ಕರಗಿಹೋಗುತ್ತದೆ. ಐದು ಅಥವಾ ಹೆಚ್ಚು ಜನ ಅಕ್ರಮ ಉದ್ದೇಶದಿಂದ ಸೇರಿದರೆ ಅಕ್ರಮ ಕೂಟವಾಗುತ್ತದೆ, ಕಲಂ 190ರಡಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆಗಾರರಾಗುತ್ತಾರೆ, ನಿಜ. ಆದರೆ ಆ ಕೂಟದಲ್ಲಿ ಇವನು ಇದ್ದನೆಂಬುದನ್ನು ಯಾರಾದರೂ ಹೇಳಬೇಕಲ್ಲ? ಹೆಸರು ಗೊತ್ತಿಲ್ಲದಿದ್ದರೆ ಕೇಸ್ ಶೀಟಿನಲ್ಲಿ ರೋಗಿಯ ಜೊತೆ ಬಂದವರು ಕೊಟ್ಟ ಫೋನ್ ನಂಬರು, ಸಮ್ಮತಿ ಪತ್ರದ ಸಹಿ, ಗೇಟಿನ ವಾಹನ ನೋಂದಣಿ, ಅಟೆಂಡರ್ ಪಾಸ್ ಎಲ್ಲವೂ ಕೆಲಸಕ್ಕೆ ಬರುತ್ತವೆ. ಅಪರಿಚಿತರನ್ನು ಜೈಲಿನಲ್ಲಿ ಗುರುತು ಪತ್ತೆ ಪರೇಡ್ ಮಾಡಿಸಬಹುದು, ಅದಕ್ಕೆ ಮುಂಚೆ ವಿಡಿಯೊ ವಾಟ್ಸ್ಆ್ಯಪ್‌ನಲ್ಲೆಲ್ಲ ಹರಿದಾಡಿದ್ದರೆ ಪರೇಡ್‌ಗೆ ಬೆಲೆಯಿಲ್ಲ. ಸಾಕ್ಷಿ ಫೋಟೊ ನೋಡಿ ಗುರುತಿಸಿದರು ಎನ್ನುತ್ತಾರೆ. ನ್ಯಾಯ ಸಿಗಲೆಂದು ವಿಡಿಯೊ ಹಂಚುವ ಸಹೋದ್ಯೋಗಿಗಳಿಗೆ ಈ ಸೂಕ್ಷ್ಮ ಗೊತ್ತಿರುವುದಿಲ್ಲ.

ಇನ್ನು ಗಾಯ. ವಿಚಿತ್ರವೆಂದರೆ, ದಿನಾ ಹತ್ತು ಎಂಎಲ್‌ಸಿ ಬರೆಯುವ ವೈದ್ಯರು ತಮಗೆ ಏಟು ಬಿದ್ದಾಗ ಎಂಎಲ್‌ಸಿ ಮಾಡಿಸುವುದಿಲ್ಲ. ಒಂದು ನೋವಿನ ಮಾತ್ರೆ ನುಂಗಿ ಡ್ಯೂಟಿ ಮುಂದುವರಿಸುತ್ತಾರೆ. ಸಾದಾ ಗಾಯವೋ ತೀವ್ರ ಗಾಯವೋ ಎಂಬುದರ ಮೇಲೆ, ಸರ್ಕಾರಿ ವೈದ್ಯರಾದರೆ, ಶಿಕ್ಷೆ 5 ವರ್ಷದಿಂದ 10ಕ್ಕೆ ಜಿಗಿಯುತ್ತದೆ, ಆ ಗೆರೆ ಎಳೆಯುವುದು ಕಲಂ 116. ಮೂಳೆ ಅಥವಾ ಹಲ್ಲು ಮುರಿದರೆ, ಜಾಗ ತಪ್ಪಿದರೆ ತೀವ್ರ. ಮುಖಕ್ಕೆ ಶಾಶ್ವತ ವಿಕಾರವಾದರೆ ತೀವ್ರ. 15 ದಿನ ತೀವ್ರ ನೋವಿನಲ್ಲಿದ್ದರೂ, ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ತೀವ್ರ. ಐಪಿಸಿಯಲ್ಲಿ ಇದು 20 ದಿನವಿತ್ತು. ಮೂಗಿಗೆ ಗುದ್ದು ಬಿದ್ದಿದ್ದರೆ ಎಕ್ಸ್-ರೇ ಬೇಕೇ ಬೇಕು. ಜರುಗದ ಬಿರುಕು ಸಾದಾ ಎಕ್ಸ್-ರೇಯಲ್ಲಿ ತಪ್ಪಿಹೋಗಬಹುದಾದ್ದರಿಂದ ಸಂಶಯವಿದ್ದರೆ ಸಿಟಿ. ಹಲ್ಲು ಅಲುಗಾಡುತ್ತಿದ್ದರೆ ದಂತವೈದ್ಯರ ಟಿಪ್ಪಣಿ. ಕಪಾಳಕ್ಕೆ ಬಿದ್ದು ಕಿವಿ ಗುಂಯ್‌ಗುಟ್ಟುತ್ತಿದ್ದರೆ ಇಎನ್‌ಟಿ ಪರೀಕ್ಷೆ, ತಮಟೆ ಹರಿದಿದೆಯೇ ಎಂದು. ಪರೀಕ್ಷಿಸುವವರು ಗಲಾಟೆಯ ಸಾಕ್ಷಿಯಾಗಿರಬಾರದು. ಸಾಧ್ಯವಿದ್ದರೆ ಬೇರೆ ಆಸ್ಪತ್ರೆಯಲ್ಲೇ ಮಾಡಿಸುವುದು ಲೇಸು, ಇಲ್ಲದಿದ್ದರೆ "ಗೆಳೆಯನೇ ಬರೆದುಕೊಟ್ಟ ಪ್ರಮಾಣಪತ್ರ" ಎಂಬ ಪಾಟೀಸವಾಲು ಎದುರಿಸಬೇಕಾಗುತ್ತದೆ. ರಕ್ತ ಹತ್ತಿದ, ಹರಿದ ಏಪ್ರನ್ ತೊಳೆಯದೆ, ಒಣಗಿಸಿ ಕಾಗದದ ಕವರಿನಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೂಸಲು ಬರುತ್ತದೆ.

ಸಿಸಿಟಿವಿಯದ್ದೇ ದೊಡ್ಡ ಕಥೆ. ಹಾರ್ಡ್ ಡಿಸ್ಕಿನ ಗಾತ್ರ ಮತ್ತು ಕ್ಯಾಮೆರಾಗಳ ಸಂಖ್ಯೆ ನೋಡಿಕೊಂಡು ಡಿವಿಆರ್ ಎರಡು ವಾರಕ್ಕೋ ತಿಂಗಳಿಗೋ ಹಳೆಯದನ್ನು ಅಳಿಸುತ್ತದೆ. ಪೊಲೀಸರು ನೋಟಿಸ್ ಕೊಡಲಿ ಎಂದು ಕಾಯದೆ ಅದೇ ರಾತ್ರಿ, ಘಟನೆಗೆ ಅರ್ಧ ಗಂಟೆ ಮುಂಚಿನಿಂದ ಅರ್ಧ ಗಂಟೆ ನಂತರದವರೆಗೆ, ಗೇಟು, ಕಾರಿಡಾರ್, ವಾರ್ಡಿನ ಎಲ್ಲ ಕ್ಯಾಮೆರಾಗಳ ದೃಶ್ಯವನ್ನು ಮೂಲ ರೂಪದಲ್ಲೇ ಎರಡು ಪೆನ್‌ಡ್ರೈವ್‌ಗೆ ತೆಗೆಯಬೇಕು. ಪರದೆಯ ಮುಂದೆ ಮೊಬೈಲ್ ಹಿಡಿದು ಚಿತ್ರೀಕರಿಸಿದ್ದು ನೋಡಲಿಕ್ಕಾದೀತು, ಸಾಕ್ಷ್ಯಕ್ಕಲ್ಲ. ಡಿವಿಆರ್ ಗಡಿಯಾರ ಹಿಂದೆ ಮುಂದೆ ಇರುವುದು ಮಾಮೂಲು. ಎಷ್ಟು ನಿಮಿಷ ವ್ಯತ್ಯಾಸವಿತ್ತೆಂದು ಅಂದೇ ಬರೆದಿಡದಿದ್ದರೆ ದೂರಿನ ಸಮಯಕ್ಕೂ ದೃಶ್ಯದ ಸಮಯಕ್ಕೂ ತಾಳೆಯಾಗುವುದಿಲ್ಲ. ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ, ಅಂದರೆ ಹಳೆಯ 65ಬಿ, ಈಗ ಎರಡು ಭಾಗವಾಗಿದೆ: ಎ ಭಾಗಕ್ಕೆ ಉಪಕರಣದ ಉಸ್ತುವಾರಿಯಲ್ಲಿದ್ದವರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ, ಜೊತೆಗೆ ಕಡತದ ಹ್ಯಾಶ್ ಮೌಲ್ಯ. ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ಬರುವ ಅಕ್ಷರ ಅಂಕಿಗಳ ಸಾಲು. ಕಡತದಲ್ಲಿ ಒಂದು ಬಿಟ್ ಬದಲಾದರೂ ಅದು ಬೇರೆಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗಿರುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ. ಕ್ಯಾಮೆರಾ ಹಾಕಿದ ಅಂಗಡಿಯವನೇ ಪಾಸ್‌ವರ್ಡ್ ಇಟ್ಟುಕೊಂಡು ಫೋನ್ ತೆಗೆಯದ ಆಸ್ಪತ್ರೆಗಳಲ್ಲಿ ಇದ್ಯಾವುದೂ ಆಗುವುದಿಲ್ಲ ಎಂಬುದು ಬೇರೆ ಮಾತು.

ಆಸ್ತಿ ನಷ್ಟಕ್ಕೆ ರಾಜ್ಯದ ಕಾಯ್ದೆಯಲ್ಲಿ ಗಟ್ಟಿ ಪರಿಹಾರವಿದೆ: ಹಾಳಾದ ವೈದ್ಯಕೀಯ ಉಪಕರಣದ ಖರೀದಿ ಬೆಲೆಯ ಎರಡರಷ್ಟನ್ನು ಅಪರಾಧಿ ಕಟ್ಟಬೇಕು, ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಬೆಲೆ ತೋರಿಸಲು ಬಿಲ್ಲು ಬೇಕು, ಸ್ಟಾಕ್ ರಿಜಿಸ್ಟರಿನ ನಮೂದು ಬೇಕು. ಗಾಜು ಗುಡಿಸಿ, ಮಾನಿಟರ್ ಎತ್ತಿಟ್ಟು, ವಾರ್ಡ್ ಸ್ವಚ್ಛ ಮಾಡಿದ ಮೇಲೆ ಪೊಲೀಸರು ಮಹಜರಿಗೆ ಬಂದರೆ ಬರೆದುಕೊಳ್ಳಲು ಏನಿರುತ್ತದೆ? ರೋಗಿಗಳಿರುವ ಜಾಗ, ಹಾಗೇ ಬಿಡಲಾಗದು, ಒಪ್ಪುವ ಮಾತೇ. ಗುಡಿಸುವ ಮುಂಚೆ ಫೋಟೊ ಮತ್ತು ವಿಡಿಯೊ, ಒಡೆದ ವಸ್ತುಗಳಿಗೆ ಒಂದು ಕೋಣೆಯಲ್ಲಿ ಬೀಗ, ಅಷ್ಟಾದರೂ ಆಗಬೇಕು.

ಎದುರು ದೂರು

ಹಲ್ಲೆಯ ದೂರು ದಾಖಲಾದ ಬೆನ್ನಲ್ಲೇ ನಿರ್ಲಕ್ಷ್ಯದಿಂದ ಸಾವಾಯಿತೆಂಬ ದೂರು ಬರುತ್ತದೆ. ಎಲ್ಲ ಸಲವೂ ಅದು ಸುಳ್ಳೆಂದು ವೈದ್ಯರ ಕಡೆಯವರು ಹೇಳುವುದನ್ನು ಒಪ್ಪಲಾಗದು. 2019ರಲ್ಲಿ ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ನಂತರ ಹಲವರು ದೃಷ್ಟಿ ಕಳೆದುಕೊಂಡದ್ದು ನಿಜವಾದ ದುರಂತ. ಅದರ ಹೆಸರಿನಲ್ಲಿ ಅದೇ ನವೆಂಬರ್‌ನಲ್ಲಿ ಸಂಘಟನೆಯೊಂದರ ಕಾರ್ಯಕರ್ತರು ಕಿರಿಯ ವೈದ್ಯರ ಮೇಲೆರಗಿದ್ದು, ಆಮೇಲೆ ರಾಜ್ಯದಾದ್ಯಂತ ಒಪಿಡಿ ಮುಷ್ಕರ ನಡೆದದ್ದು ಬೇರೆಯೇ ಸಂಗತಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ, ಕಾನೂನೂ ಎರಡನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. ನಿರ್ಲಕ್ಷ್ಯದ ದೂರಿಗೆ ನ್ಯಾಯ ಸಂಹಿತೆಯ ಕಲಂ 106(1) ಇದೆ; ನೋಂದಾಯಿತ ವೈದ್ಯರಾದರೆ ಗರಿಷ್ಠ 2 ವರ್ಷ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಷರತ್ತುಗಳು ಈಗಲೂ ಆಧಾರ: ತನಿಖಾಧಿಕಾರಿ ಮುಂದುವರಿಯುವ ಮುಂಚೆ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವವರಿಂದ, ಪಡೆಯಬೇಕು, ವೈದ್ಯರನ್ನು ಆರೋಪ ಬಂದಿತೆಂಬ ಒಂದೇ ಕಾರಣಕ್ಕೆ ಬಂಧಿಸಬಾರದು. ಇಲ್ಲಿ ಆಸ್ಪತ್ರೆಗಳು ಮಾಡುವ ಅತಿ ದೊಡ್ಡ ಎಡವಟ್ಟು ಗಲಾಟೆಯ ನಂತರ ಕೇಸ್ ಶೀಟ್ "ಸರಿಪಡಿಸುವುದು". ಆ ಒಂದು ತಿದ್ದುಪಡಿಯಿಂದ ನಿರ್ಲಕ್ಷ್ಯದ ಪ್ರಕರಣ ಗಟ್ಟಿಯಾಗುತ್ತದೆ, ಹಲ್ಲೆಯ ಪ್ರಕರಣದಲ್ಲಿ ವೈದ್ಯರ ಮಾತಿಗೆ ಬೆಲೆ ಹೋಗುತ್ತದೆ. ಬರೆಯುವುದು ಬಾಕಿಯಿದ್ದರೆ "ತಡವಾಗಿ ಬರೆದದ್ದು" ಎಂದು ಸಮಯ ಹಾಕಿಯೇ ಬರೆಯಬೇಕು.

ಕೇಂದ್ರ ಕಾಯ್ದೆ ಬಂದರೆ?

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕರಡು ಮಸೂದೆ ಪ್ರಕಟಿಸಿತ್ತು, ತೀವ್ರ ಗಾಯಕ್ಕೆ 3ರಿಂದ 10 ವರ್ಷದ ಪ್ರಸ್ತಾಪವಿತ್ತು. ಒಂದು ವೃತ್ತಿಗೆಂದೇ ಪ್ರತ್ಯೇಕ ಕಾನೂನು ಬೇಡವೆಂದು ಗೃಹ ಸಚಿವಾಲಯ ತಡೆಯಿತು. ಆರ್.ಜಿ. ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಚಿಸಿದ ರಾಷ್ಟ್ರೀಯ ಕಾರ್ಯಪಡೆ ಕೂಡ 2024ರ ನವೆಂಬರ್‌ನಲ್ಲಿ, 24 ರಾಜ್ಯಗಳಲ್ಲಿ ಈಗಾಗಲೇ ಕಾಯ್ದೆಗಳಿವೆ, ನ್ಯಾಯ ಸಂಹಿತೆಯೂ ಇದೆ, ಪ್ರತ್ಯೇಕ ಕೇಂದ್ರ ಕಾಯ್ದೆಯ ಅಗತ್ಯವಿಲ್ಲ ಎಂದಿತು. ವೈದ್ಯ ಸಂಘಟನೆಗಳಿಗೆ ಇದು ನಿರಾಸೆ ತಂದಿತು. ಆದರೆ ಕಾರ್ಯಪಡೆಯ ಮಾತಿನಲ್ಲಿ ಹುರುಳಿದೆ. ಸಾವಿನ ಸುದ್ದಿ ಕೇಳಿ ಹತ್ತು ನಿಮಿಷದಲ್ಲಿ ಕೈ ಎತ್ತುವವನು ಶಿಕ್ಷೆ ಮೂರು ವರ್ಷವೋ ಹತ್ತು ವರ್ಷವೋ ಎಂದು ಲೆಕ್ಕ ಹಾಕುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತುರ್ತು ಸೇವೆಯವರ ಮೇಲಿನ ಸಾದಾ ಹಲ್ಲೆಗೆಂದೇ 2018ರಲ್ಲಿ ಕಾಯ್ದೆ ಬಂತು. ಅದರ ಗರಿಷ್ಠ ಶಿಕ್ಷೆ ಮೊದಲು 1 ವರ್ಷ, 2022ರ ತಿದ್ದುಪಡಿಯ ನಂತರ 2 ವರ್ಷ. ನಮ್ಮ ರಾಜ್ಯದ ಮೂಲ ಕಾಯ್ದೆಯ 3 ವರ್ಷಕ್ಕಿಂತ ಕಡಿಮೆಯೇ.

ಅನುಕರಿಸಬೇಕಾದ್ದಿದ್ದರೆ ಅದು ಪಕ್ಕದ ಕೇರಳದಲ್ಲಿದೆ. 2023ರ ಮೇ 10ರಂದು ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ, ಪೊಲೀಸರೇ ಪರೀಕ್ಷೆಗೆ ಕರೆತಂದಿದ್ದ ವ್ಯಕ್ತಿಯೊಬ್ಬ ಅಲ್ಲಿದ್ದ ಶಸ್ತ್ರಚಿಕಿತ್ಸೆಯ ಕತ್ತರಿಯಿಂದಲೇ ಇರಿದು ಯುವ ಹೌಸ್ ಸರ್ಜನ್ ಒಬ್ಬರನ್ನು ಕೊಂದ. ಅದರ ಬೆನ್ನಲ್ಲೇ ಬಂದ ತಿದ್ದುಪಡಿಯಲ್ಲಿ ಶಿಕ್ಷೆ ಏರಿದ್ದಕ್ಕಿಂತ ಮುಖ್ಯವಾದವು ಬೇರೆ: ಇನ್‌ಸ್ಪೆಕ್ಟರ್ ದರ್ಜೆಯ ತನಿಖೆ, 60 ದಿನದ ಗಡುವು, ಜಿಲ್ಲೆಗೊಂದು ವಿಶೇಷ ನ್ಯಾಯಾಲಯ, ಮತ್ತು ಭದ್ರತಾ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು, ಸಹಾಯಕರನ್ನೂ ವ್ಯಾಖ್ಯಾನದೊಳಗೆ ತಂದದ್ದು. ನಮ್ಮಲ್ಲಿ ಮೊದಲ ಏಟು ಬೀಳುವುದು ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರಿಗೆ. ಮೂಲ ಕಾಯ್ದೆಯ ವ್ಯಾಖ್ಯಾನ ಆಸ್ಪತ್ರೆಯೆಂಬ ಸಂಸ್ಥೆಗೆ ಅಂಟಿಕೊಂಡಿದೆ. ರಸ್ತೆ ಅಪಘಾತದ ಜಾಗದಲ್ಲಿ, ಗುಂಪಿನ ನಡುವೆ ಗಾಯಾಳುವನ್ನು ಸ್ಟ್ರೆಚರ್‌ಗೆ ಹಾಕುವ 108ರ ಆಂಬುಲೆನ್ಸ್ ಸಿಬ್ಬಂದಿ ಏಜೆನ್ಸಿಯ ನೌಕರರಾಗಿದ್ದರೆ, ಅವರು ಸಾರ್ವಜನಿಕ ನೌಕರರೇ, ಆ ರಸ್ತೆ ವೈದ್ಯಕೀಯ ಸಂಸ್ಥೆಯೇ ಎಂದು ವಾದಿಸಲು ಆಸ್ಪದ ಉಳಿಯುತ್ತದೆ. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರದ್ದೂ ಇದೇ ಪಾಡು. ಅಗ್ನಿಶಾಮಕ ಸಿಬ್ಬಂದಿಗೆ ಈ ತೊಡಕಿಲ್ಲ, ಅವರು ಸರ್ಕಾರಿ ನೌಕರರು, 121 ಮತ್ತು 132 ನೇರವಾಗಿ ಸಿಗುತ್ತವೆ. 108 ಪ್ರಕರಣದಲ್ಲಿ ದೂರು ಬರೆಯುವಾಗ ಕರೆಯ ಸಂಖ್ಯೆ, ಕಂಟ್ರೋಲ್ ರೂಮ್ ಕಳಿಸಿದ ಸಮಯ, ಯಾವ ಆಸ್ಪತ್ರೆಗೆ ಸಾಗಿಸುತ್ತಿದ್ದರು ಎಂಬುದನ್ನು ಸೇರಿಸಿದರೆ ಆರೋಗ್ಯ ಸೇವೆಯ ಕೊಂಡಿಯಾದರೂ ಕಾಗದದಲ್ಲಿ ಕಾಣುತ್ತದೆ.

ಚಾರ್ಜ್‌ಶೀಟ್ ನಂತರ

ಎಫ್‌ಐಆರ್ ಆದ ಮೇಲೆ ಆಸ್ಪತ್ರೆಯವರು ಪ್ರಕರಣವನ್ನು ಮರೆತುಬಿಡುತ್ತಾರೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193ರಡಿ ಪೊಲೀಸರ ಕರ್ತವ್ಯ; ಬರದಿದ್ದರೆ ಕೇಳಿ ಪಡೆಯಬೇಕು. ಪ್ರಕರಣ ಮುಚ್ಚುವ ಬಿ ರಿಪೋರ್ಟ್ ಹಾಕಿದರೆ ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಸಲ್ಲಿಸಬಹುದು. ಸರ್ಕಾರ ಪ್ರಕರಣ ವಾಪಸ್ ಪಡೆಯಲು ಹೊರಟರೆ, ಸಂತ್ರಸ್ತರ ಮಾತು ಕೇಳದೆ ನ್ಯಾಯಾಲಯ ಒಪ್ಪುವಂತಿಲ್ಲ ಎಂದು ಕಲಂ 360 ಹೇಳುತ್ತದೆ. ಚಳವಳಿಗಾರರ ಮೇಲಿನ ಮೊಕದ್ದಮೆಗಳನ್ನು ಗಂಟು ಕಟ್ಟಿ ಹಿಂತೆಗೆದುಕೊಳ್ಳುವ ರೂಢಿ ನಮ್ಮ ಸರ್ಕಾರಗಳಿಗಿದೆ, ಆ ಗಂಟಿನಲ್ಲಿ ಆಸ್ಪತ್ರೆಯ ಪ್ರಕರಣವೂ ಸೇರಿದೆಯೇ ಎಂದು ಗಮನಿಸುವವರು ಬೇಕು.

ವಿಚಾರಣೆಗೆ ಬರುವ ಹೊತ್ತಿಗೆ ಹೌಸ್ ಸರ್ಜನ್ ಪಿಜಿಗೆಂದು ಬೇರೆ ರಾಜ್ಯದಲ್ಲಿರುತ್ತಾರೆ, ನರ್ಸ್ ಗಲ್ಫ್‌ಗೆ ಹೋಗಿರುತ್ತಾರೆ. ಸಮನ್ಸ್ ಹಳೆಯ ಹಾಸ್ಟೆಲ್ ವಿಳಾಸಕ್ಕೆ ಹೋಗಿ ವಾಪಸಾಗುತ್ತದೆ. ಕೊನೆಗೆ ಸಾಕ್ಷಿ ಹೇಳುವವರು ಮಹಜರಿಗೆ ಸಹಿ ಹಾಕಿದ ಪಂಚರಿಬ್ಬರು, ಅವರೂ "ಠಾಣೆಯಲ್ಲಿ ಸಹಿ ಹಾಕಿದೆ, ಏನೂ ನೋಡಿಲ್ಲ" ಎಂದರೆ ಮುಗಿಯಿತು. ಕಾಲೇಜು ಬಿಡುವಾಗ ನೋ ಡ್ಯೂಸ್ ಫಾರಂನಲ್ಲೇ ಖಾಯಂ ವಿಳಾಸ, ಇಮೇಲ್, ಪೋಷಕರ ಫೋನ್ ತೆಗೆದುಕೊಂಡು ಪ್ರಕರಣದ ಕಡತಕ್ಕೆ ಸೇರಿಸಿ ಎಪಿಪಿಗೆ (ಸಹಾಯಕ ಸರ್ಕಾರಿ ಅಭಿಯೋಜಕರಿಗೆ) ಕೊಟ್ಟರೆ, ವಿಡಿಯೊ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ಪಡೆಯುವಂತೆ ಅರ್ಜಿ ಹಾಕಬಹುದು. ಇದನ್ನು ನೋಡಿಕೊಳ್ಳಲು ಒಬ್ಬ ಗುಮಾಸ್ತರಿಗೆ ಹೊಣೆ ವಹಿಸಿರುವ ಆಸ್ಪತ್ರೆಗೂ ವಹಿಸದ ಆಸ್ಪತ್ರೆಗೂ ಫಲಿತಾಂಶದಲ್ಲಿ ಅಜಗಜಾಂತರ.

ಬಹಳಷ್ಟು ಪ್ರಕರಣ ಮುಗಿಯುವುದು ರಾಜಿಯಲ್ಲಿ. ಕಾನೂನು ರಾಜಿಗೆ ಬಿಡದ ಕಲಂಗಳನ್ನು ಕೆಳ ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಲು ಬಾರದ್ದರಿಂದ ಎರಡೂ ಕಡೆಯವರು ಪ್ರಮಾಣಪತ್ರ ಸಲ್ಲಿಸಿ ಹೈಕೋರ್ಟಿನಲ್ಲಿ, ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 528ರಡಿ (ಹಳೆಯ 482) ಪ್ರಕರಣ ರದ್ದು ಕೋರುತ್ತಾರೆ. ಜ್ಞಾನ್ ಸಿಂಗ್ ಪ್ರಕರಣದ 2012ರ ತೀರ್ಪು ಇದಕ್ಕೆ ದಾರಿ ಕೊಡುತ್ತದೆ. ಸಮಾಜದ ವಿರುದ್ಧದ ಗಂಭೀರ ಅಪರಾಧಗಳಿಗೆ ಆ ದಾರಿ ಇಲ್ಲವೆಂದೂ ಹೇಳುತ್ತದೆ. ಸತ್ತ ಮಗುವಿನ ತಂದೆ ಆವೇಶದಲ್ಲಿ ತಳ್ಳಿದ್ದಕ್ಕೂ, ಹೊರಗಿನಿಂದ ಬಂದ ಗುಂಪು ಐಸಿಯು ಒಡೆದದ್ದಕ್ಕೂ ಒಂದೇ ನಿಲುವು ಬೇಕಿಲ್ಲ. ಆದರೆ ರಾಜಿ ಪತ್ರಕ್ಕೆ ಸಹಿ ಹಾಕುವವರು ಏಟು ತಿಂದವರೇ ಆಗಿರಬೇಕು, ಆಡಳಿತ ಮಂಡಳಿಯಲ್ಲ. ಒಡೆದ ಉಪಕರಣದ ಹಣ ಸಹಿಗೆ ಮುಂಚೆಯೇ ಆಸ್ಪತ್ರೆಯ ಖಾತೆಗೆ ಬಂದಿರಬೇಕು. ನಿರ್ಲಕ್ಷ್ಯದ ಎದುರು ದೂರನ್ನು ಹಿಂತೆಗೆದುಕೊಳ್ಳುವುದಕ್ಕೆ ಬದಲಾಗಿ ಹಲ್ಲೆಯ ದೂರನ್ನು ಕೈಬಿಡುವ ಒಪ್ಪಂದವಾದರೆ, ಎರಡೂ ಅರ್ಜಿಗಳು ಒಂದೇ ದಿನ ಒಂದೇ ಪೀಠದ ಮುಂದೆ ಬರುವಂತೆ ವಕೀಲರು ನೋಡಿಕೊಳ್ಳಬೇಕು. ಹಲ್ಲೆಯ ಪ್ರಕರಣ ರದ್ದಾಗಿ ನಿರ್ಲಕ್ಷ್ಯದ್ದು ಮಾತ್ರ ಉಳಿದುಕೊಂಡರೆ, ಕಟಕಟೆಯಲ್ಲಿ ನಿಲ್ಲುವವರು ಏಟು ತಿಂದ ವೈದ್ಯರೊಬ್ಬರೇ.